ಸಕ್ಕರೆ ಹಾಕುವ ಮುಂಚೆ

ಮಹಾನಂದಾ ಹಾಗೆ ನಗಬಾರದಿತ್ತು ಎಂದು ಕಂಗ್ಟಿಯ ಹೆಂಗಸರು ಇಂದಿಗೂ ಹೇಳುತ್ತಾರೆ. ನೋಡಲು ಬಂದವರ ಎದುರು ಹುಡುಗಿ ತುಟಿಯಂಚಿನಲ್ಲಿ ನಗಬೇಕು. ಇವಳು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತುಂಬ ನಕ್ಕಳು. ಆ ನಗು ಮುಗಿಯುವ ಮೊದಲೇ ಗಂಡಿನ ಮುಖ ಬಿಳಿಚಿಕೊಂಡಿತು.

ನಗಿಸಿದವನೂ ಅವನೇ. ಧನರಾಜ, ತಾಂಡೂರಿನ ಕಲ್ಲಿನ ವ್ಯಾಪಾರಿಗಳ ಮನೆಯವನು, ನಾರಾಯಣಖೇಡದಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡವನು. ಮಂಡಕ್ಕಿ ಸುಸಲಾದ ತಾಟು ಕೊಡುವಾಗ ಅವಳು ಮರ್ಯಾದೆಗೆಂದು ಕೇಳಿದ್ದಳು.

"ಖಾರ ಜಾಸ್ತಿ ಆಗ್ಯದೇನ್ರಿ?"

"ಖಾರ ಬರೋಬರಿ ಅದರಿ. ಶೇಂಗಾ ಜರಾ ಗಟ್ಟಿ ಅವ. ಇರ್ಲಿ ಬಿಡ್ರಿ, ಹಿಂಗ ನಾಕು ಮನ್ಯಾಗ ಮಾಡಿದ್ರ ನನ್ನ ದವಾಖಾನಿ ನಡೀತದ."

ಅಷ್ಟಕ್ಕೇ ಅವಳಿಗೆ ನಗು ಬಂತು. ನಗುತ್ತಲೇ ಅವನ ಕಣ್ಣು ನೋಡಿದಳು. ಮೊದಲು ಆ ಕಣ್ಣು ಅವಳ ಕಣ್ಣಿನಲ್ಲೇ ಇತ್ತು, ಗೆದ್ದವನ ಕಣ್ಣಿನಂತೆ ಹೊಳೆಯುತ್ತಿತ್ತು. ಆಮೇಲೆ ಬಾಯಿಗೆ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು, ಹೊಳಪು ಆರಿಹೋಯಿತು.

ಅವನ ದೊಡ್ಡವ್ವ ಪ್ರೇಮಲಾ ಅದಾಗಲೇ ಹಿತ್ತಾಳೆ ತಾಟಿನಿಂದ ಚಿಟಿಕೆ ಸಕ್ಕರೆ ಎತ್ತಿಕೊಂಡಿದ್ದಳು. ಸಂಬಂಧ ಒಪ್ಪಿಗೆಯಾದರೆ ಗಂಡಿನ ಕಡೆಯ ಹಿರಿಯ ಹೆಂಗಸು ಹುಡುಗಿಯ ಬಾಯಿಗೆ ಸಕ್ಕರೆ ಹಾಕುತ್ತಾಳೆ. ಹಾಕಿದ ಮೇಲೆ ಮಾತು ಹಿಂದೆ ಸರಿಯುವುದಿಲ್ಲ, ಎರಡೂ ಮನೆಯವರು ಹೋದರೂ ಆ ಸಕ್ಕರೆ ಹೋಗುವುದಿಲ್ಲ ಎನ್ನುತ್ತಾರೆ.

"ದೊಡ್ಡವ್ವಾ, ತಡೀರಿ," ಎಂದು ಧನರಾಜ ಎದ್ದು ನಿಂತ. ಮಹಾನಂದಾಳ ಕಡೆ ತಿರುಗಿದ. ದನಿ ಬದಲಾಗಿತ್ತು. "ನೀವು ಜರಾ ಬಾಗಿಲ ಕಡಿ ಬರ್ತೀರಿ? ಬೆಳಕಿಗೆ. ಒಮ್ಮೆ ಬಾಯಿ ತೆರೀರಿ." ಎಂದವನೇ ಫೋನಿನ ಟಾರ್ಚ್ ಹಚ್ಚಿದ.

ಪ್ರೇಮಲಾ ಚಿಟಿಕೆ ಸಕ್ಕರೆಯನ್ನು ತಿರುಗಿ ತಾಟಿಗೆ ಬಿಟ್ಟಳು.

ಇಲ್ಲಿ ಮಹಾನಂದಾಳ ಅಪ್ಪ ಬಂಡೆಪ್ಪನ ವಿಷಯ ಹೇಳಬೇಕು. ಜಹೀರಾಬಾದಿನಿಂದ ಬೀದರಿನವರೆಗೆ ಯಾವ ದನದ ಸಂತೆಯಲ್ಲೂ ಬಂಡೆಪ್ಪ ದವಡೆ ಹಿಡಿದು ಹಲ್ಲು ನೋಡದ ಹೊರತು ಬಲ್ಲವರು ಎತ್ತು ಕೊಳ್ಳುತ್ತಿರಲಿಲ್ಲ. ಎಷ್ಟು ಹಲ್ಲು ಉದುರಿದೆ, ಎಷ್ಟು ದುಡಿದಿದೆ, ಇನ್ನೆಷ್ಟು ದುಡಿದೀತು, ಎಲ್ಲ ಬಾಯಲ್ಲೇ ಓದುತ್ತಿದ್ದ. ಹಾಗಾಗಿ ಅವನಿಗೆ ಆ ಟಾರ್ಚಿನ ಅರ್ಥ ಒಂದೇ ಆಗಿ ತೋರಿತು.

"ತಮ್ಮಾ," ಎಂದ ಬಂಡೆಪ್ಪ, ದನಿ ಏರಿಸದೆ. "ಸಂತ್ಯಾಗ ಬಾಯಿ ತೆರಸಾಂವ ನಾ. ಹಲ್ಲು ನೋಡಿ ಕೊಳ್ಳಾಕ ನನ್ನ ಮಗಳು ಎತ್ತಲ್ಲ. ಏಳ್ರಿ ಎಲ್ಲಾರೂ."

ಹೊಸ್ತಿಲ ಹತ್ತಿರ ಧನರಾಜ ಒಮ್ಮೆ ಹಿಂದಿರುಗಿ ನೋಡಿದ. ಬೇಡುವವನ ಹಾಗೆ ಕೇಳಿದ. "ಮ್ಯಾಲ ಅಂಗುಳದಾಗ ನೋವದ ಏನ್ರಿ?"

"ಇಲ್ಲ," ಎಂದಳು ಮಹಾನಂದಾ, ಸಿಟ್ಟಿನಿಂದ.

ಅವನ ಮುಖ ಇನ್ನಷ್ಟು ಇಳಿಯಿತು. ನೋವಿಲ್ಲ ಎಂದರೆ ಯಾರಾದರೂ ಹೆದರುತ್ತಾರೆಯೇ? ಬಾಗಿಲು ಮುಚ್ಚಿದರು. ತಾಟಿನ ಸಕ್ಕರೆಗೆ ಸಂಜೆಯೊಳಗೆ ಇರುವೆ ಹತ್ತಿದವು.

*

ಮರುದಿನ ಹಲ್ಲುಜ್ಜುವಾಗ ಅವಳ ನಾಲಿಗೆ ತಾನಾಗಿ ಮೇಲಕ್ಕೆ ಹೋಯಿತು.

ಅಂಗುಳದ ಒಂದು ಕಡೆ ನುಣುಪು ಇರಲಿಲ್ಲ. ಒಂದು ಸಣ್ಣ ತಗ್ಗು, ಅದರ ಸುತ್ತ ಒರಟು ಅಂಚು. ಒತ್ತಿದಳು, ಮತ್ತೆ ಒತ್ತಿದಳು, ನೋವೇ ಇಲ್ಲ. ತನ್ನದೇ ಬಾಯೊಳಗೆ ಬೇರೆ ಯಾರೋ ಬಂದು ಸದ್ದಿಲ್ಲದೆ ಕೂತಂತೆ ಅವಳಿಗೆ ಅನಿಸಿತು. ಮಾತು ಬಂದ ದಿನದಿಂದ ತನ್ನ ಜೊತೆಗಿದ್ದ ಬಾಯಿ ಇದು. ನಿನ್ನೆ ಬಂದ ಪರಕೀಯನಿಗೆ ಕಂಡದ್ದು ತನಗೆ ಕಾಣಲಿಲ್ಲವಲ್ಲ.

ಅವಳು ಕೃಷಿ ಇಲಾಖೆಯವಳು. ಸ್ಕೂಟಿ ಮೇಲೆ ತೊಗರಿ ಹೊಲಗಳನ್ನು ಸುತ್ತಿ, ಕಾಯಿ ಕೊರೆಯುವ ಹುಳ ಎಲ್ಲಿ ಹತ್ತಿದೆ ಎಂದು ನೋಡಿ ರೈತರಿಗೆ ಹೇಳುವುದು ಅವಳ ಕೆಲಸ. ಹೊರಗಿಂದ ಕಾಯಿ ಹಸಿರಾಗೇ ಇರುತ್ತದೆ, ಸಣ್ಣ ತೂತು ಬಲ್ಲವರ ಕಣ್ಣಿಗೆ ಮಾತ್ರ ಬೀಳುತ್ತದೆ. ಆ ಚಳಿಗಾಲದಲ್ಲಿ ಅಂಥ ಕಾಯಿ ಕೈಗೆ ಸಿಕ್ಕಾಗಲೆಲ್ಲ ನಾಲಿಗೆ ಅಂಗುಳಕ್ಕೆ ಹೋಗುತ್ತಿತ್ತು.

ಬಿಸಿಲಿಗೆ ಹೋಗಿ ಬಂದರೆ ಎರಡೂ ಕೆನ್ನೆ ಕೆಂಪಾಗುತ್ತಿದ್ದವು. "ಮೇಡಂ, ಯಾರ ನೆನಪಿಗಿ ಕೆಂಪಾಗ್ಲತ್ತೀರಿ?" ಎಂದು ಕಳೆ ತೆಗೆಯುವ ಹೆಂಗಸರು ಕಾಡುತ್ತಿದ್ದರು. ಮುಂಜಾನೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಾಯಿ ಒಣಗಿ, ಜೋಳದ ಕಟಕ ರೊಟ್ಟಿ ಗಂಟಲಲ್ಲೇ ನಿಂತು ನೀರು ಬೇಡುತ್ತಿತ್ತು. ಹುಟ್ಟಿದಾಗಿನಿಂದ ತಿಂದ ಕೆಂಪು ಖಾರ ಈಗ ನಾಲಿಗೆಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು.

"ಉಷ್ಣ ಆಗ್ಯದ," ಎಂದಳು ಅವ್ವ ತಾರಾಬಾಯಿ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರ. ನೀ ಹೊಲ ಹೊಲ ತಿರಗಿ ಹೊತ್ತಿಗಿ ಉಣ್ಣಂಗಿಲ್ಲ." ತುಪ್ಪ ಹಚ್ಚಿದಳು, ಗುಲ್ಕಂದ ತಿನ್ನಿಸಿದಳು. ಬೇರೆ ಬಾಯಿಹುಣ್ಣಾಗಿದ್ದರೆ ಹೋಗುತ್ತಿತ್ತು. ಇದು ಹೋಗಲಿಲ್ಲ.

ಒಂದು ದಿನ ಬಾಚಣಿಗೆಯಲ್ಲಿ ಮುಷ್ಟಿ ಕೂದಲು ಬಂತು. ಅದನ್ನು ಉಂಡೆ ಮಾಡಿ ಒಲೆಗೆ ಹಾಕಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಅವಳು ನಾರಾಯಣಖೇಡದ ಬಸ್ಸು ಹತ್ತಿದಳು.

*

ದವಾಖಾನೆಯಲ್ಲಿ ಅವಳ ಸರದಿ ಬಂದಾಗ ಧನರಾಜ ಕೈ ತೊಳೆಯುತ್ತಿದ್ದ. ತಿರುಗದೆಯೇ ಕೇಳಿದ. "ಏನು ತಕ್ಲೀಫ್ರಿ?"

"ಎತ್ತಿಗಿ ಎಷ್ಟು ಹಲ್ಲು ಅಂತ ನೋಡಸ್ಬೇಕಿತ್ರಿ."

ನಲ್ಲಿ ಹರಿಯುತ್ತಲೇ ಇತ್ತು. ಅವನು ನಿಧಾನ ತಿರುಗಿದ. ಮಾಸ್ಕಿನ ಮೇಲೆ ಬರೀ ಕಣ್ಣು. ಆ ಕಣ್ಣಲ್ಲಿ ಮೊದಲು ಸಂತೋಷ ಬಂತು, ಅದರ ಹಿಂದೆಯೇ ಭಯ ಬಂದು ನಿಂತಿತು. ಎರಡನ್ನೂ ಅವಳು ನೋಡಿದಳು. ಆಗಲೇ ತನಗೆ ಇವನು ಬೇಕು ಎಂದು ಅವಳ ಮನಸ್ಸು ಹೇಳಿತು. ಸಮಯವೋ, ಜಾಗವೋ ನೋಡುವ ವಿವೇಕ ಮನಸ್ಸಿಗೆ ಎಲ್ಲಿರುತ್ತದೆ?

ಖುರ್ಚಿ ಹಿಂದಕ್ಕೆ ಬಾಗಿತು. ಅವನು ಕನ್ನಡಿಕಡ್ಡಿ ಹಿಡಿದು ಬಹಳ ಹೊತ್ತು ನೋಡಿದ. ಬೆರಳ ಗಂಟು ಒತ್ತಿ ನೋಡಿದ. ಕೂದಲ ಬಗ್ಗೆ, ಜ್ವರದ ಬಗ್ಗೆ, ಬಿಸಿಲಿನ ಬಗ್ಗೆ ಕೇಳಿದ. ಬಾಯಿ ತೆರೆದಿದ್ದರಿಂದ ಅವಳು ಹೂಂ, ಉಹೂಂ ಎಂದಷ್ಟೇ ಹೇಳಿದಳು.

"ಅವತ್ತು ಎಲ್ಲಾರ ಮುಂದ ಯಾಕ ಕೇಳಿದ್ರಿ?" ಖುರ್ಚಿ ಏರಿದ ಕೂಡಲೇ ಕೇಳಿದಳು. "ಆಮ್ಯಾಲ ಬಾಜೂಕ ಕರದು ಹೇಳಾಕ ಬರ್ತಿರ್ಲಿಲ್ಲ?"

"ನೀವು ನಕ್ಕ್ರಿ. ಅಷ್ಟು ಛಂದ ನಗೋರನ್ನ ನಾ ನೋಡಿದ್ದಿಲ್ಲ. ಅದೇ ನಗುವಿನಾಗ ಅದು ಕಂಡ್ತು." ಅವನು ಮಾಸ್ಕ್ ತೆಗೆದ. "ಆಮ್ಯಾಲ ಸುಮ್ಮ ಕೂಡಾಕ ಆಗ್ಲಿಲ್ರಿ. ಸಂಬಂಧ, ಸಕ್ಕರಿ ಯಾವುದೂ ತಲಿಗಿ ಬರ್ಲಿಲ್ಲ."

"ಏನು ಕಂಡ್ತು?"

"ಹುಣ್ಣು. ನೋವಿಲ್ಲದ ಹುಣ್ಣು. ನೋವಿದ್ದದ್ದು ಬಾಯಿದೇ ಇರ್ತದ, ನಾ ಔಷಧ ಕೊಡ್ತೀನಿ. ನೋವಿಲ್ಲದ್ದು ಬ್ಯಾರೆ ಎಲ್ಲಿಂದೋ ಬಂದಿರ್ತದ." ಅವನು ಮಾತು ಹುಡುಕಿದ. "ಮನಿ ಕಾಯೋ ನಾಯಿ ಇರ್ತದಲ್ರಿ. ಒಮ್ಮೊಮ್ಮೆ ಅದಕ್ಕ ಏನಾಗ್ತದೋ, ಮನ್ಯಾಗಿನೋರನ್ನೇ ಕಚ್ಚಾಕ ಸುರು ಮಾಡ್ತದ. ರಕ್ತದಾಗ ಹಂಗಾಗೋ ಒಂದು ರೋಗದ, ಲೂಪಸ್ ಅಂತ. ಬಾಯಿ ಅದರ ಬಾಗಿಲು. ಇಲ್ಲಿ ಕಂಡ್ರ ಒಳಗ ಎಲ್ಲಿ ತನಕ ಹೋಗ್ಯದ ನೋಡ್ಬೇಕು. ಅಲ್ಲದೇ ಇದ್ರ ನಿಮ್ಮ ಅಪ್ಪನ ಕೈಲೆ ನಾ ಬೈಸ್ಕೊತೀನಿ."

"ಇದ್ರ?"

ಅವನು ಹೈದರಾಬಾದಿನ ಒಬ್ಬ ಡಾಕ್ಟರಿಗೆ ಫೋನ್ ಮಾಡಿದ.

*

ಇತ್ತು.

ರಕ್ತದಲ್ಲಿತ್ತು, ಕೀಲಿನಲ್ಲಿತ್ತು, ಮೂತ್ರಪಿಂಡದ ಹೊಸ್ತಿಲಿಗೂ ಬಂದು ಮುಟ್ಟಿತ್ತು. ಇನ್ನು ಬದುಕಿರುವ ತನಕ ಗುಳಿಗೆ ಎಂದರು ಹೈದರಾಬಾದಿನ ಡಾಕ್ಟರು. ಬಿಸಿಲಿಗೆ ಹೋಗಬೇಡ, ಒಮ್ಮೆ ಸುಮ್ಮನಾದರೂ ನಂಬಬೇಡ, ಯಾವಾಗ ಬೇಕಾದರೂ ಮತ್ತೆ ಏಳುತ್ತದೆ ಎಂದರು. ಬಂಡೆಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ, "ಉಷ್ಣ ಆಗಿತ್ತು," ಎಂದ.

ಬಾಯಿಯ ಹೊಣೆ ಮಾತ್ರ ಧನರಾಜನ ಪಾಲಿಗೆ ಬಂತು. ಗುಳಿಗೆಯಿಂದ ರೋಗ ತಗ್ಗಿದರೆ, ಅದೇ ಗುಳಿಗೆಯಿಂದ ನಾಲಿಗೆ ಮೇಲೆ ಕೆನೆಯಂಥ ಬಿಳಿ ಪದರ ಬರುತ್ತಿತ್ತು. ಜೊಲ್ಲು ಕಡಿಮೆಯಾಗಿ ಹಲ್ಲಿನ ಬುಡ ಹುಳುಕಾಗುತ್ತಿತ್ತು, ವಸಡು ಮುಟ್ಟಿದರೆ ರಕ್ತ ಬರುತ್ತಿತ್ತು. ಅವನು ಮಕ್ಕಳ ಮೆತ್ತನೆ ಬ್ರಶ್ ಕೊಟ್ಟ. ಗುಟುಕು ಗುಟುಕಾಗಿ ನೀರು ಕುಡಿಯಲು ಕಲಿಸಿದ. ರೊಟ್ಟಿ ಹಾಲಲ್ಲಿ ನೆನೆಸಿ ತಿನ್ನು ಎಂದ. ಅವಳು ತಿಂಗಳು ತಿಂಗಳು ಬಂದಳು. ಆಮೇಲಾಮೇಲೆ ತಿಂಗಳು ತುಂಬುವ ಮೊದಲೇ ಬಂದಳು.

"ಬಾಯಿ ತೆರಸಿಟ್ಟು ಪ್ರಶ್ನೆ ಕೇಳ್ತೀರಿ," ಎಂದು ಒಮ್ಮೆ ಜಗಳ ತೆಗೆದಳು. "ನಾ ಹ್ಯಾಂಗ ಉತ್ತರ ಕೊಡ್ಲಿ?"

"ಅದಕ್ಕೇ ಕೇಳ್ತೀನ್ರಿ. ಬಾಯಿ ಮುಚ್ಚಿದ್ರ ನೀವು ಇಲ್ಲ ಅಂತೀರಿ."

"ಯಾವುದಕ್ಕ ಇಲ್ಲ ಅಂದೀನಿ?"

"ಇನ್ನೂ ಕೇಳಿಲ್ಲ. ತೆರೀರಿ." ಕನ್ನಡಿಕಡ್ಡಿ ಒಳಗೆ ಹೋಯಿತು. "ನನ್ನ ಲಗ್ನ ಆಗ್ತೀರಿ?"

ಅವಳು ಬಾಯಿ ತೆರೆದೇ ಇದ್ದಳು. ಮೇಲಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಆ ಬೆಳಕಿಗೇ ನೀರು ಬಂತೆಂದು ಹೇಳಬಹುದಿತ್ತು, ಹೇಳಲಿಲ್ಲ. ಅವನ ಕೈ ಸರಿಸಿ ಎದ್ದು ಕೂತಳು.

"ನಾ ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ಮಕ್ಕಳು ಆಗ್ತಾವೋ ಇಲ್ಲೋ ಗೊತ್ತಿಲ್ಲ. ಲಗ್ನದಾಗ ಭೂಮದ ಊಟಕ್ಕ ನಿಮ್ಮ ಜೋಡಿ ಒಂದೇ ತಾಟಿನಾಗ ಕೂತ್ರ ಖಾರ ಅಂತ ಅಳ್ತೀನಿ."

"ನಾನೂ ಸಪ್ಪಂದೇ ಉಣ್ತೀನಿ."

"ಒಂದು ಶರ್ತ ಅದ." ಅವಳು ಅವನ ಮಾಸ್ಕ್ ಕೆಳಗೆಳೆದಳು, ಪೂರಾ ಮುಖ ಕಾಣಲೆಂದು. "ನನ್ನ ಅಂಗುಳ ನನಗ ಕಾಣಂಗಿಲ್ಲ. ನಿಮಗ ಕಾಣ್ತದ. ಏನು ಕಂಡ್ರೂ ಮೊದಲು ನನಗ ಹೇಳ್ಬೇಕು. ಒಳ್ಳೇದಿರ್ಲಿ, ಕೆಟ್ಟದಿರ್ಲಿ. ನೀವು ಮುಚ್ಚಿಟ್ರ ನಾ ಕುರುಡಿ ಆಗ್ತೀನಿ."

"ಹೇಳ್ತೀನಿ," ಎಂದ. ಆ ಕ್ಷಣ ಅವನು ನಿಜವನ್ನೇ ಹೇಳಿದ್ದ.

*

ಬಂಡೆಪ್ಪನನ್ನು ಒಪ್ಪಿಸಲು ಒಂದು ಬೇಸಿಗೆ ಹಿಡಿಯಿತು. ಕೊನೆಗೆ ಪ್ರೇಮಲಾ ದೊಡ್ಡವ್ವ ತಾನೇ ಬಂದು, "ಹುಡುಗಗ ಎಲ್ಲಾ ಗೊತ್ತದ, ನಮಗೂ ಗೊತ್ತದ. ರೋಗ ಯಾರ ಮನ್ಯಾಗಿಲ್ರಿ ಅಣ್ಣಾ?" ಎಂದಳು. ಮುಂಗಾರು ಮುಗಿದ ಮೇಲೆ ಒಂದು ಗುರುವಾರ ಸಕ್ಕರೆ ಹಾಕುವುದೆಂದು ಗೊತ್ತಾಯಿತು.

ಹಿಂದಿನ ಸೋಮವಾರ ಮಹಾನಂದಾ ದವಾಖಾನೆಗೆ ಹೋದಳು. ಅಲ್ಲಿ ಅವಳ ಕೆಲಸವೆಂದರೆ ಅವನ ಕಣ್ಣು ಓದುವುದು. ಅವನು ಅವಳ ಅಂಗುಳ ನೋಡುತ್ತಾನೆ, ಅವಳು ಅವನ ಕಣ್ಣು ನೋಡುತ್ತಾಳೆ. ಪ್ರೀತಿಸುವವರು ಎಷ್ಟೋ ಬಗೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಾರೆ, ಇವರದು ಹೀಗೆ.

ಅಂದು ಕನ್ನಡಿಕಡ್ಡಿ ಒಂದು ಕಡೆ ನಿಂತಿತು. ಮುಂದೆ ಹೋಯಿತು. ತಿರುಗಿ ಅಲ್ಲಿಗೇ ಬಂತು.

ಮಾಸ್ಕಿನ ಮೇಲಿನ ಕಣ್ಣು ನಕ್ಕಿತು. ಬೇಗ ನಕ್ಕಿತು, ನಗಬೇಕಾದದ್ದಕ್ಕಿಂತ ಬೇಗ.

"ಛಲೋ ಅದ," ಎಂದ. "ಗುರುವಾರ ಹಸಿರು ಸೀರಿ ಉಟ್ಕೋರಿ."

ಬಸ್ಸಿನಲ್ಲಿ ಅವಳು ನಾಲಿಗೆಯನ್ನು ಮೇಲಕ್ಕೆ ಒಯ್ಯಲಿಲ್ಲ. ಒಯ್ದರೆ ತಿಳಿಯುತ್ತದೆ. ತಿಳಿದರೆ, ರೋಗ ಬಂದದ್ದರ ಜೊತೆಗೆ ಇನ್ನೊಂದೂ ತಿಳಿಯುತ್ತದೆ. ಆ ಎರಡನೆಯದರ ಭಯವೇ ಅವಳಿಗೆ ಹೆಚ್ಚಾಗಿತ್ತು. ಕಂಗ್ಟಿ ಬಂದಾಗ ಇಳಿಯಲು ಚಪ್ಪಲಿ ಮೆಟ್ಟಿದಳು, ಚಪ್ಪಲಿ ಬಿಗಿಯಾಗಿತ್ತು. ಮುಂಜಾನೆ ಸರಿಯಾಗಿದ್ದ ಚಪ್ಪಲಿ.

ಮೂತ್ರದಲ್ಲಿ ನೊರೆ ನಿಲ್ಲುತ್ತಿತ್ತು. ಅವ್ವನಿಗೆ ಹೇಳಲಿಲ್ಲ. ಅವನು ಫೋನ್ ಮಾಡಿ ಹೇಳಲಿ ಎಂದು ಕಾದಳು. ಅವನು ದಿನಾ ಫೋನ್ ಮಾಡಿದ. ಹೂವಿನ ಬಗ್ಗೆ ಕೇಳಿದ, ಸೀರೆಯ ಬಗ್ಗೆ ಕೇಳಿದ, ಊಟದ ಬಗ್ಗೆ ಎರಡೆರಡು ಸಲ ಕೇಳಿದ. ಅದೊಂದು ಮಾತು ಮಾತ್ರ ಬಿಸಿ ತುಪ್ಪದಂತೆ ಅವನ ಬಾಯಲ್ಲೇ ಉಳಿಯಿತು.

*

ಗುರುವಾರ ಅದೇ ಪಡಸಾಲೆ, ಅದೇ ಹಿತ್ತಾಳೆ ತಾಟು. ತಾಂಡೂರಿನಿಂದ ಬಂದ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಮಹಾನಂದಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಕೆನ್ನೆ ಕೆಂಪಾಗಿತ್ತು. ನಾಚಿಕೆ ಎಂದುಕೊಂಡು ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

ಪ್ರೇಮಲಾ ಚಿಟಿಕೆ ಸಕ್ಕರೆ ಎತ್ತಿದಳು. ಧನರಾಜ ನೆಲ ನೋಡುತ್ತಿದ್ದ.

ಸಕ್ಕರೆ ತುಟಿಗೆ ಬರುವಾಗ ಮಹಾನಂದಾ ಆ ಕೈ ಹಿಡಿದಳು. "ದೊಡ್ಡವ್ವಾ, ಜರಾ ತಡೀರಿ." ಎದ್ದು ಬಾಗಿಲ ಬೆಳಕಿಗೆ ಹೋದಳು. ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀ ಎಲ್ಲಾ ಬಾಯಿ ನೋಡೀದಿ. ನನ್ನದು ನೋಡು." ಬಾಯಿ ತೆರೆದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಾದೆ. ಆ ಪಡಸಾಲೆಯಲ್ಲಿ ಅದನ್ನು ನೆನೆಯದವರಿರಲಿಲ್ಲ. ಬಂಡೆಪ್ಪ ಬಂದ. ಎತ್ತುಗಳ ದವಡೆ ಹಿಡಿದ ಕೈಯಲ್ಲಿ ಮಗಳ ಗದ್ದ ಹಿಡಿದು ಮೇಲೆತ್ತಿದ. ಅಂಗುಳದಲ್ಲಿ ಕೆಂಪು ಹುಣ್ಣು ಅಗಲವಾಗಿ ಬಿಚ್ಚಿಕೊಂಡಿತ್ತು. ಅದನ್ನು ನೋಡಲು ಅವನಿಗೆ ಟಾರ್ಚು ಬೇಕಾಗಲಿಲ್ಲ.

"ಇದು ಯಾವಾಗಿಂದ ಅದ?" ಮಗಳ ಗದ್ದ ಬಿಡದೆ ಅಳಿಯನಾಗುವವನನ್ನು ಕೇಳಿದ.

"ಸೋಮವಾರ ನೋಡೀನ್ರಿ." ಧನರಾಜ ಹೆಗಲ ಮೇಲಿನ ಶಲ್ಯ ಸರಿಸಿದ. "ಇವತ್ತಿನ ಕಾರ್ಯ ಆಗ್ಲಿ, ಸಂಜೀಕ ಕರಕೊಂಡು ಹೋಗೂಣು ಅಂತ…"

"ಮೊದಲನೇ ಸಲ ನಾ ನಿಮಗ ಯಾರೂ ಅಲ್ಲ," ಎಂದಳು ಮಹಾನಂದಾ. "ಅದಕ್ಕ ಖರೇ ಹೇಳಿದ್ರಿ, ಎಲ್ಲಾರ ಕೈಲೆ ಬೈಸ್ಕೊಂಡ್ರಿ. ಈಗ ನಿಮ್ಮಾಕಿ ಆಗಾಕ ಬಂದೆ, ಸುಳ್ಳು ಸುರು ಆತು."

"ಬಾಯಿಲೆ ಹೇಳಿದ್ರ ಖರೇ ಆಗ್ತದ ಅಂತ ಹೆದರಿದೆ."

"ಹೇಳ್ದಿದ್ರ ಏನಾತು ನೋಡ್ರಿ." ಅವಳು ಸೀರೆಯ ನಿರಿಗೆ ತುಸು ಎತ್ತಿ, ಕಣಕಾಲಿಗೆ ಬೆರಳು ಒತ್ತಿ ತೆಗೆದಳು. ಕುಳಿ ಹಾಗೇ ಉಳಿಯಿತು. ಧನರಾಜ ಅದನ್ನು ನೋಡಿದ. ಇಷ್ಟು ಹೊತ್ತು ಮದುಮಗನಾಗಿದ್ದವನು ಡಾಕ್ಟರಾಗಿ ಎದ್ದ.

ಪ್ರೇಮಲಾ ಸುಮ್ಮನೆ ತಾಟು ಎತ್ತಿಕೊಂಡಳು, ಒಳಗೆ ಒಯ್ಯಲು.

"ತಾಟು ಇರ್ಲಿ ದೊಡ್ಡವ್ವಾ," ಎಂದಳು ಮಹಾನಂದಾ. ಅವಳ ಗಂಟಲು ಒಣಗಿ ಮಾತು ಒಡೆಯುತ್ತಿತ್ತು. "ನನ್ನ ಬಾಯಾಗ ಏನದ, ಇವರು ಎಲ್ಲಾರ ಮುಂದ ಹೇಳಲಿ. ಪೂರಾ ಹೇಳಿದ್ರ ಸಕ್ಕರಿ ಇವರ ಕೈಲೇ. ಇಲ್ಲಂದ್ರ ಇರುವಿ ತಿನ್ಲಿ."

ಧನರಾಜ ಅವಳ ಎದುರು ಬಂದು ನಿಂತ. ಈ ಸಲ ಅವನು ಅಂಗುಳ ನೋಡಲಿಲ್ಲ, ಕಣ್ಣು ನೋಡಿದ.

"ಹುಣ್ಣು ತಿರಗಿ ಬಂದದ. ಹೋದ ಸಲಕ್ಕಿಂತ ದೊಡ್ಡದು. ಒಳಗ ರೋಗ ಎದ್ದದ. ಕಾಲು ಬಾತಾವ ಅಂದ್ರ ಕಿಡ್ನಿಗಿ ಹತ್ತಿರಬೇಕು. ಇವತ್ತೇ, ಈಗೇ ಹೈದರಾಬಾದ್ ಹೋಗ್ಬೇಕು. ಮೂರು ದಿನ ನಾ ಹಾಳು ಮಾಡೀನಿ. ಛಲೋ ಆಗ್ತದೋ ಇಲ್ಲೋ ನನಗ ಗೊತ್ತಿಲ್ಲ." ಉಸಿರು ತೆಗೆದುಕೊಂಡ. "ಗೊತ್ತಿಲ್ಲ ಮಹಾನಂದಾ. ಇನ್ನ ಮುಂದ ಏನು ಕಂಡ್ರೂ ಹಿಂಗೇ ಹೇಳ್ತೀನಿ. ಅಳ್ಕೋತ ಹೇಳಿದ್ರೂ ಹೇಳ್ತೀನಿ."

ಇಷ್ಟು ದಿನ ಅವನು ಎಷ್ಟೋ ಚಂದದ ಮಾತು ಆಡಿದ್ದ. ಅವಳಿಗೆ ಇದರಷ್ಟು ಚಂದದ್ದು ಯಾವುದೂ ಕಾಣಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅವನತ್ತ ಮುಖ ಎತ್ತಿದಳು.

"ಹಾಕ್ರಿ," ಎಂದಳು.

ಬಂಡೆಪ್ಪನ ಕಡೆ ಎಲ್ಲರೂ ನೋಡಿದರು. ಅವನು ಪೇಟ ಸರಿಮಾಡಿಕೊಂಡು, ತಾನೇ ತಾಟು ತಂದು ಧನರಾಜನ ಮುಂದೆ ಹಿಡಿದ.

"ಹಲ್ಲಿನ ಡಾಕ್ಟರ್ ಸಕ್ಕರಿ ತಿನ್ನಸ್ತಾರ," ಎಂದು ಅವಳು ನಗಲು ನೋಡಿದಳು. ಒಣ ತುಟಿ ಬಿರಿದು ಒಂದು ಹನಿ ರಕ್ತ ಬಂತು. ಅವನು ಅದನ್ನು ಹೆಬ್ಬೆರಳಿಂದ ಒರೆಸಿ, ನಾಲಿಗೆಯ ಮೇಲೆ ಸಕ್ಕರೆ ಇಟ್ಟ.

ಸಕ್ಕರೆ ಕರಗಲಿಲ್ಲ. ಕರಗಿಸುವ ನೀರು ಆ ಬಾಯಲ್ಲಿರಲಿಲ್ಲ. ಹರಳು ಹರಳಾಗಿ, ಮರಳಿನಂತೆ ಕೂತಿತು. ತಾರಾಬಾಯಿ ಸೆರಗು ಬಾಯಿಗೊತ್ತಿಕೊಂಡಳು. ಧನರಾಜ ತಂಬಿಗೆ ತಂದು ಗುಟುಕು ನೀರು ಕುಡಿಸಿದ, ತಾನು ಕಲಿಸಿದ ಹಾಗೆಯೇ, ಸ್ವಲ್ಪ ಸ್ವಲ್ಪ. ನಂತರ ಅವಳನ್ನು ಎತ್ತಿಕೊಂಡು ಕಾರಿನ ಹಿಂದಿನ ಸೀಟಿಗೆ ಕೂರಿಸಿದ. ಬಂಡೆಪ್ಪ ಚಪ್ಪಲಿ ಮರೆತು ಮುಂದೆ ಡ್ರೈವರನ ಪಕ್ಕ ಹತ್ತಿದ.

ಬೇವಿನ ನೆರಳು ದಾಟಿದ ಕೂಡಲೇ ಬಿಸಿಲು ಗಾಜಿಗೆ ಹೊಡೆಯಿತು. ಧನರಾಜ ಅವಳ ಮುಖದ ಮೇಲೆ ತನ್ನ ಹೊಸ ಶಲ್ಯ ಹೊದಿಸಿ, ಅದರ ಒಳಗೆ ಬಗ್ಗಿ ಕೇಳಿದ.

"ಸಿಹಿ ಆತೇನು?"

"ಇನ್ನೂ ಇಲ್ರಿ," ಎಂದಳು ಮಹಾನಂದಾ. "ಜಲ್ದಿ ನಡಸಾಕ ಹೇಳ್ರಿ. ದಾರ್ಯಾಗ ಆಗ್ತದ."